ಗೇಣಿಗೊಂದು ಹುಣಸೆ ಬೀಜ

ಬೆಂಕಿಗೆ ಇನ್ನೆರಡು ತೆಂಗಿನ ಮಟ್ಟೆ ಹಾಕಿ ಹತ್ತಿರ ಬನ್ನಿ. ಗೆಣಸು ಬೇಯೋದಕ್ಕೆ ಇನ್ನೂ ಹೊತ್ತಿದೆ. ಮಾಗಿ ಚಳಿಯಲ್ಲಿ ಹೀಗೆ ಬೆಂಕಿ ಮುಂದೆ ಕೂತಾಗಲೆಲ್ಲ ನನಗೆ ಒಂದು ವ್ಯಾಗನ್ನು ನೆನಪಾಗುತ್ತದೆ. ಇವತ್ತು ಅದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಮೊಮ್ಮಗ ಸಂಜೆಯಿಂದ ಮುಖ ಊದಿಸಿಕೊಂಡು ಕೂತಿದ್ದಾನೆ. ‘ಬಲ ಅಂದರೆ ವಸ್ತುವನ್ನು ಓಡಿಸುವುದು’ ಅಂತ ಪರೀಕ್ಷೆಯಲ್ಲಿ ಬರೆದನಂತೆ, ಮೇಷ್ಟ್ರು ತಪ್ಪು ಹಾಕಿದರಂತೆ. "ತಳ್ಳಿದರೆ ತಾನೇ ತಾತ ಹೋಗೋದು? ಬಿಟ್ಟರೆ ನಿಂತೇ ಹೋಗುತ್ತಲ್ಲ?" ಅಂತ ಕೇಳುತ್ತಾನೆ. ನೀನು ಬರೆದ ಉತ್ತರವನ್ನೇ ಗ್ರೀಸಿನ ಅರಿಸ್ಟಾಟಲ್ ಕೊಟ್ಟಿದ್ದ ಕಣಪ್ಪ. ಸುಮಾರು 2,000 ವರ್ಷ ದೊಡ್ಡ ದೊಡ್ಡ ಪಂಡಿತರೆಲ್ಲ ಅದನ್ನೇ ನಂಬಿದ್ದರು. ಕಣ್ಣಿಗೆ ಕಾಣುವುದೂ ಹಾಗೆಯೇ. ನಾನೂ ಹತ್ತು ವರ್ಷದವನಾಗುವ ತನಕ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದು ಬೆಳಿಗ್ಗೆ ಎರಡೂ ಅಂಗೈಯ ಚರ್ಮ ಸುಲಿದು ಹೋಯಿತು.

1968ರ ಮಾಗಿ ಕಾಲ. ನಮ್ಮಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಅರಸೀಕೆರೆಯಿಂದ ಹುಬ್ಬಳ್ಳಿ ಕಡೆಗೆ ಹೋಗುವ ಹಳಿಯ ಮೇಲೆ ಒಂದು ಸಣ್ಣ ಸ್ಟೇಷನ್ನು. ಆಗ ಅದು ಮೀಟರ್‌ಗೇಜ್, ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರು. ಹೊಗೆ ಉಗುಳುವ ಉಗಿ ಎಂಜಿನ್ನು. ಲಿವರ್ ಎಳೆದು ಗಾಡಿಗೆ ದಾರಿ ಮಾಡುವುದು, ವ್ಯಾಗನ್ ಕೂಡಿಸುವುದು, ಬಿಡಿಸುವುದು, ಸಂಜೆಯಾದರೆ ಸಿಗ್ನಲ್ ದೀಪಕ್ಕೆ ಸೀಮೆಎಣ್ಣೆ ಹಾಕುವುದು ಅಪ್ಪನ ಕೆಲಸ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ. ಸೂತ್ರ, ಸಮೀಕರಣ ಎಂಬ ಮಾತು ಅವನ ಬಾಯಲ್ಲಿ ನಾನು ಯಾವತ್ತೂ ಕೇಳಿಲ್ಲ. ಆದರೆ ಎಷ್ಟು ಭಾರದ ವ್ಯಾಗನ್ನು ಎಷ್ಟು ಜನ ತಳ್ಳಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಅವನು ಹೇಳಿದರೆ ನಾಲ್ಕು ಹೆಜ್ಜೆ ಅತ್ತಿತ್ತ ಆಗುತ್ತಿರಲಿಲ್ಲ. ಮುಂದೆ ನಾನು ಓದಿದ್ದು, ಮಕ್ಕಳಿಗೆ ಕಲಿಸಿದ್ದು ಎಲ್ಲವೂ ಅವನ ಆ ಅಂದಾಜಿನ ಬೆನ್ನು ಹತ್ತಿ ಹೋದದ್ದೇ.

ಸ್ಟೇಷನ್ನಿನ ಹಿಂದುಗಡೆ ಗೂಡ್ಸ್ ಶೆಡ್ಡು. ಅದರ ಮುಂದೆ ಒಂದು ಸೈಡಿಂಗ್ ಹಳಿ. ಶೆಡ್ ದಾಟಿ ಸ್ವಲ್ಪ ದೂರ ಹೋಗಿ ಆ ಹಳಿ ಒಂದು ಮಣ್ಣಿನ ದಿಬ್ಬಕ್ಕೆ ಮುಗಿಯುತ್ತಿತ್ತು, ಡೆಡ್ ಎಂಡ್ ಅಂತ ಕರೆಯುತ್ತಿದ್ದೆವು. ರಾತ್ರಿ ಬಂದ ಗೂಡ್ಸ್ ಗಾಡಿ ಗೊಬ್ಬರದ ಮೂಟೆ ತುಂಬಿದ ಒಂದು ವ್ಯಾಗನ್ನನ್ನು ಸೈಡಿಂಗಿನಲ್ಲಿ ಬಿಟ್ಟು ಹೊರಟು ಹೋಗಿತ್ತು. ಬಿಟ್ಟಿದ್ದು ಶೆಡ್ಡಿನ ಬಾಗಿಲಿಗೆ ಸುಮಾರು 30 ಮೀಟರ್ ಹಿಂದೆ. ಮೂಟೆ ಇಳಿಸಬೇಕಾದರೆ ವ್ಯಾಗನ್ನಿನ ಬಾಗಿಲೂ ಶೆಡ್ಡಿನ ಬಾಗಿಲೂ ಎದುರುಬದುರು ಆಗಬೇಕು. ಇಷ್ಟಕ್ಕೆಲ್ಲ ಎಂಜಿನ್ ಬರುವುದಿಲ್ಲ. ಆರು ಜನ ಹಮಾಲರು ಕೈಯಲ್ಲೇ ತಳ್ಳಿಕೊಂಡು ಹೋಗುತ್ತಿದ್ದರು.

ಆರು ಜನ ಒಂದು ವ್ಯಾಗನ್ನು ತಳ್ಳುವುದೇ ಅಂತ ನಿಮಗೆ ಆಶ್ಚರ್ಯ. ಸರಕೂ ಸೇರಿ 20 ಟನ್ ಅಂತ ಇಟ್ಟುಕೊಳ್ಳಿ. ನೆಲದ ಮೇಲೆ ಅದರ ಇಪ್ಪತ್ತರಲ್ಲೊಂದು ಪಾಲಿನ ಪೆಟ್ಟಿಗೆಯನ್ನು ಜಾರಿಸುವುದಕ್ಕೂ ಆರು ಜನ ತಿಣುಕಬೇಕು. ಆದರೆ ಹಳಿಯ ಮೇಲೆ ಉಕ್ಕಿನ ಚಕ್ರ ಬಲು ಸಲೀಸು. ಆ ಕಾಲದ ವ್ಯಾಗನ್ನಿನ ಅಚ್ಚು ತಿರುಗುವ ಕಡೆ ಒಂದು ಕಬ್ಬಿಣದ ಡಬ್ಬಿ ಇರುತ್ತಿತ್ತು, ಅದರೊಳಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ನೂಲಿನ ಉಂಡೆ. ವ್ಯಾಗನ್ ರಾತ್ರಿಯೆಲ್ಲ ನಿಂತರೆ, ಅದರಲ್ಲೂ ಚಳಿಯಲ್ಲಿ, ಎಣ್ಣೆ ಗಟ್ಟಿಯಾಗಿ ಅಚ್ಚು ಹಿಡಿದುಕೊಂಡಂತೆ ಆಗುತ್ತದೆ. ಹೊರಡಿಸುವುದೇ ಕಷ್ಟ. ನಾಲ್ಕು ಸುತ್ತು ತಿರುಗಿ ಎಣ್ಣೆ ಹರಡಿಕೊಂಡ ಮೇಲೆ ತಡೆ ಅರ್ಧಕ್ಕೆ ಇಳಿದುಬಿಡುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆ ಬೆಳಿಗ್ಗೆ ಮಂಜು ಇನ್ನೂ ಹಳಿಯ ಮೇಲೆ ಕೂತಿತ್ತು. ಹಮಾಲರು ಬೀಡಿ ಮುಗಿಸುತ್ತಿದ್ದರು. ನಾನು ಯಾರಿಗೂ ಕಾಣದ ಹಾಗೆ ವ್ಯಾಗನ್ನಿನ ಆ ಕಡೆ ಹೋಗಿ ನನ್ನ ಆಟ ಹೂಡಿದೆ. ಚಡ್ಡಿ ಜೇಬಿನಲ್ಲಿ ಹುಣಸೆ ಬೀಜ. ಮೊದಲನೆಯ ಬೀಜವನ್ನು ಚಕ್ರಕ್ಕೆ ಒಂದು ಗೇಣು ಮುಂದೆ ಹಳಿಯ ಮೇಲೆ ಇಟ್ಟೆ. ಆಮೇಲೆ ಗೇಣಿಗೊಂದರಂತೆ ಸಾಲಾಗಿ ಇಡುತ್ತಾ ಹೋದೆ. ಇಪ್ಪತ್ತು ಬೀಜ. ಚಕ್ರ ಹರಿದಾಗ ಒಂದೊಂದೂ ಟಪ್ಪೆಂದು ಒಡೆಯುವ ಸದ್ದು ನನಗೆ ಬಹಳ ಇಷ್ಟ. ಅಪ್ಪನಿಗೆ ಈ ಆಟ ಕಂಡರೆ ಆಗುತ್ತಿರಲಿಲ್ಲ. "ಹಳಿ ಮೇಲೆ ಕೈ ಇಟ್ಟವನಿಗೆ ಕೈ ಇರಲ್ಲ" ಅಂತ ಒಮ್ಮೆ ಬೆನ್ನಿಗೆ ಕೊಟ್ಟೂ ಇದ್ದ. ಬೀಜ ಇಟ್ಟಾದ ಮೇಲೆ ಸುಮ್ಮನೆ ವ್ಯಾಗನ್ನಿಗೆ ಭುಜ ಕೊಟ್ಟು ನೂಕಿ ನೋಡಿದೆ. ಬೆಟ್ಟಕ್ಕೆ ಒರಗಿದ ಹಾಗಿತ್ತು. ಕೂದಲೆಳೆಯಷ್ಟೂ ಕದಲಲಿಲ್ಲ.

ಅಪ್ಪ ಬಂದ. ವ್ಯಾಗನ್ನಿನ ಪಕ್ಕದಲ್ಲಿ ಉದ್ದಕ್ಕೆ ಇರುವ ಹ್ಯಾಂಡ್ ಬ್ರೇಕಿನ ಸಲಾಕೆಯನ್ನು ಒಮ್ಮೆ ಒತ್ತಿ ನೋಡಿ ಎತ್ತಿದ. ಹಮಾಲರ ಮೇಸ್ತ್ರಿ ಹಾರೆಯ ಮೂತಿಯನ್ನು ಹಿಂದಿನ ಚಕ್ರದ ಬುಡಕ್ಕೆ ತೂರಿಸಿ, ಹಿಡಿಯ ಮೇಲೆ ತನ್ನ ಮೈಭಾರ ಬಿಟ್ಟ. ಉಳಿದವರು ಹಿಂಬದಿಗೆ ಹೆಗಲು ಕೊಟ್ಟರು. "ಕಾಲು ಜಲ್ಲಿಗೆ ಕೊಡಬ್ಯಾಡ್ರೋ, ಸ್ಲೀಪರಿಗೆ ಕೊಡ್ರಿ" ಅಂದ ಅಪ್ಪ. ಜಲ್ಲಿಗೆ ಕಾಲು ಕೊಟ್ಟರೆ ಜಲ್ಲಿ ಹಿಂದಕ್ಕೆ ಜಾರುತ್ತದೆ, ವ್ಯಾಗನ್ ಮುಂದಕ್ಕೆ ಹೋಗುವುದಿಲ್ಲ. ಸ್ಲೀಪರು ನೆಲಕ್ಕೆ ಹೂತುಕೊಂಡಿರುವ ದಿಮ್ಮಿ. ಅದನ್ನು ಕಾಲು ಎಷ್ಟು ಬಲದಿಂದ ಹಿಂದಕ್ಕೆ ಒದೆಯುತ್ತದೆಯೋ ಅಷ್ಟೇ ಬಲದಿಂದ ಅದು ಮನುಷ್ಯನನ್ನು ಮುಂದಕ್ಕೆ ಒದೆಯುತ್ತದೆ. ಪಾಠದಲ್ಲಿ ಇದಕ್ಕೆ ಮೂರನೇ ನಿಯಮ ಅಂತ ಹೆಸರು. ಹಮಾಲರು ಅದನ್ನು ಹಿಮ್ಮಡಿಯಲ್ಲಿ ಇಟ್ಟುಕೊಂಡಿದ್ದರು.

"ಐಲೇಸಾ!"

ಏನೂ ಆಗಲಿಲ್ಲ. ಇನ್ನೊಂದು ಐಲೇಸಾ. ಕಬ್ಬಿಣದ ಡಬ್ಬಿಯೊಳಗೆ ಏನೋ ಮುಲುಗಿತು. ನಾನು ಮಂಡಿಯೂರಿ ಕೂತು ಚಕ್ರದ ಬುಡವನ್ನೇ ನೋಡುತ್ತಿದ್ದೆ. ಹಳಿಯ ಮೇಲೆ ರಾತ್ರಿ ಹಿಡಿದಿದ್ದ ತೆಳು ತುಕ್ಕು ಚಕ್ರದಡಿಯಿಂದ ಒಂದು ದಾರದಷ್ಟು ಬೆಳ್ಳಗೆ ಬಿಟ್ಟುಕೊಂಡಿತು. ವ್ಯಾಗನ್ ನಡೆಯುತ್ತಿದೆ ಅಂತ ಕಣ್ಣಿಗೆ ಅನ್ನಿಸುತ್ತಲೇ ಇರಲಿಲ್ಲ, ಆದರೆ ಆ ಬಿಳಿ ಗೆರೆ ಬೆಳೆಯುತ್ತಿತ್ತು. ಮೂರು ಎಣಿಸುವಷ್ಟು ಹೊತ್ತಾದ ಮೇಲೆ ಮೊದಲ ಬೀಜ ಟಪ್. ಆಮೇಲೆ ಸ್ವಲ್ಪ ಬಿಟ್ಟು ಟಪ್. ಆಮೇಲೆ ಟಪ್, ಟಪ್. ಆಮೇಲೆ ಟಪ್ಟಪ್ಟಪ್ ಅಂತ ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಬಂತು.

ಇಲ್ಲಿ ಸ್ವಲ್ಪ ನಿಲ್ಲೋಣ. ಬೀಜಗಳ ನಡುವಿನ ಅಂತರ ಒಂದೇ ಗೇಣು. ತಳ್ಳುವವರು ಅದೇ ಆರು ಜನ, ಅದೇ ಬಲ. ಆದರೆ ಸದ್ದು ಒತ್ತೊತ್ತಾಗುತ್ತಾ ಹೋಯಿತು. ಬಲ ಕೊಡುತ್ತಿದ್ದದ್ದು ನಡೆ ಆಗಿದ್ದರೆ ಸದ್ದು ಒಂದೇ ಸಮ ಬರಬೇಕಿತ್ತಲ್ಲ? ಒಂದೇ ಸಮನಾದ ಬಲ ಒಂದೇ ಸಮನಾದ ವೇಗ ಕೊಡಲಿಲ್ಲ. ಪ್ರತಿ ಕ್ಷಣವೂ ಇದ್ದ ವೇಗಕ್ಕೆ ಇನ್ನಷ್ಟು ಸೇರಿಸಿತು. ಸೇರಿಸುತ್ತಲೇ ಹೋಯಿತು.

ಇಟಲಿಯ ಗೆಲಿಲಿಯೋ ಇದನ್ನೇ ಇಳಿಜಾರು ಹಲಗೆಯ ಮೇಲೆ ಕಂಚಿನ ಗುಂಡು ಉರುಳಿಸಿ ಅಳೆದ. ಆಗ ಸೆಕೆಂಡನ್ನು ಕರಾರುವಾಕ್ಕಾಗಿ ತೋರಿಸುವ ಗಡಿಯಾರ ಎಲ್ಲಿತ್ತು? ಪಾತ್ರೆಯ ತೂತಿನಿಂದ ಸಣ್ಣಗೆ ಸುರಿಯುವ ನೀರನ್ನು ಹಿಡಿದು, ಆ ನೀರನ್ನು ತೂಗಿ ಹೊತ್ತು ಲೆಕ್ಕ ಹಾಕಿದ. 1638ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಆ ವಿವರವೆಲ್ಲ ಇದೆ. ಗೆಲಿಲಿಯೋನ ಅಪ್ಪ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದವರು. ಮನೆಯಲ್ಲಿ ತಾಳ ಕೇಳಿ ಬೆಳೆದ ಹುಡುಗ. ಇದನ್ನು ಓದಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹುಣಸೆ ಬೀಜದ ಸದ್ದಿನಲ್ಲಿ ನಾನು ಕೇಳಿದ್ದು ಏನು ಅಂತ ಗೊತ್ತಾದದ್ದು ಅವತ್ತು.

ಸರಿ, ವ್ಯಾಗನ್ನಿಗೆ ಬರೋಣ. ಸುಮಾರು 20 ಸೆಕೆಂಡು ತಳ್ಳಿರಬೇಕು, 10 ಮೀಟರು ನಡೆದಿತ್ತು. ಮನುಷ್ಯ ಸಾವಕಾಶ ನಡೆಯುವ ವೇಗ ಬಂದಿತ್ತು. ಅಪ್ಪ "ಬಿಡ್ರಿ" ಅಂತ ಕೂಗಿದ. ಯಾವತ್ತೂ ಹಾಗೆಯೇ, ಬಾಗಿಲಿಗೆ ಇನ್ನೂ 20 ಮೀಟರ್ ಇರುವಾಗಲೇ ಕೈ ಬಿಡಿಸುತ್ತಿದ್ದ. ವ್ಯಾಗನ್ನು ತನ್ನ ಪಾಡಿಗೆ ಸಾಗಿ, ತಡೆಯಿಂದ ನಿಧಾನವಾಗುತ್ತಾ ಬಂದು, ಬಾಗಿಲ ಹತ್ತಿರ ಬ್ರೇಕಿಗೆ ನಿಲ್ಲುತ್ತಿತ್ತು. ಹಮಾಲರು ನೆಟ್ಟಗೆ ನಿಂತು ಬೆವರು ಒರೆಸಿಕೊಂಡರು. ಅಪ್ಪ ಜೊತೆಜೊತೆಗೆ ನಡೆಯುತ್ತಾ ಬ್ರೇಕಿನ ಸಲಾಕೆ ಒತ್ತಿದ. ಸಲಾಕೆ ಕೆಳಗೆ ಹೋಯಿತು, ವ್ಯಾಗನ್ ನಿಲ್ಲಲಿಲ್ಲ. ಮೈಭಾರವೆಲ್ಲ ಹಾಕಿ ಅದರ ಮೇಲೆ ನಿಂತ. ಬ್ರೇಕಿನ ಗುಟ್ಟೆ ಸವೆದು ಹೋಗಿ ಚಕ್ರವನ್ನು ಮುಟ್ಟುತ್ತಲೇ ಇರಲಿಲ್ಲ. ನಿಂತ ವ್ಯಾಗನ್ನಿನಲ್ಲಿ ಅದು ಗೊತ್ತಾಗುವ ಹಾಗಿರಲಿಲ್ಲ.

ಶೆಡ್ಡಿನ ಬಾಗಿಲು ಹಿಂದಕ್ಕೆ ಸರಿದು ಹೋಯಿತು.

ಶೆಡ್ಡಿನಿಂದ ಮುಂದೆ ಆ ಸೈಡಿಂಗು ಡೆಡ್ ಎಂಡ್ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು, 400 ಅಡಿಗೆ ಒಂದಡಿ. ನೀರು ಸುರಿದರೆ ಮಾತ್ರ ಗೊತ್ತಾಗಬೇಕು. ವ್ಯಾಗನ್ನು ನಿಂತಿದ್ದರೆ ಈ ಇಳಿಜಾರಿಗೆ ಕ್ಯಾರೆ ಅನ್ನುವುದಿಲ್ಲ, ಗಟ್ಟಿ ಎಣ್ಣೆ ಹಿಡಿದುಕೊಂಡಿರುತ್ತದೆ. ನಡೆಯುತ್ತಾ ಬಂದ ವ್ಯಾಗನ್ನಿಗೆ ತಡೆ ಅರ್ಧವಾಗಿದೆ ಅಂದೆನಲ್ಲ, ಈಗ ಇಳಿಜಾರು ಎಳೆಯುವುದೂ ಎಣ್ಣೆ ತಡೆಯುವುದೂ ಹೆಚ್ಚುಕಮ್ಮಿ ಸಮಸಮ. ಯಾರೂ ತಳ್ಳುತ್ತಿಲ್ಲ, ಆದರೂ ಅದು ವೇಗ ಕಳೆದುಕೊಳ್ಳುತ್ತಿಲ್ಲ. ಬಲಗಳೆಲ್ಲ ಕೂಡಿ ಕಳೆದು ಸೊನ್ನೆಯಾದಾಗ ವಸ್ತು ನಿಲ್ಲಬೇಕು ಅಂತ ಏನಿಲ್ಲ. ಇದ್ದ ವೇಗದಲ್ಲೇ ಇರುತ್ತದೆ. ನಿಂತಿದ್ದರೆ ನಿಂತೇ ಇರುತ್ತದೆ, ನಡೆಯುತ್ತಿದ್ದರೆ ನಡೆಯುತ್ತಲೇ ಇರುತ್ತದೆ. ಅರಿಸ್ಟಾಟಲನ ಲೆಕ್ಕ ತಪ್ಪಿದ್ದು ಇಲ್ಲಿಯೇ. ನಾವು ತಳ್ಳುವುದನ್ನು ಬಿಟ್ಟಾಗ ಪೆಟ್ಟಿಗೆ ನಿಲ್ಲುವುದು ಬಲ ಇಲ್ಲದ್ದಕ್ಕಲ್ಲ, ಘರ್ಷಣೆ ಎಂಬ ಇನ್ನೊಂದು ಬಲ ಇರುವುದಕ್ಕೆ.

ಡೆಡ್ ಎಂಡಿನಲ್ಲಿ ಒಂದು ಎತ್ತಿನ ಗಾಡಿ ನಿಂತಿತ್ತು. ಗೊಬ್ಬರ ಒಯ್ಯಲು ಬಂದಿದ್ದ ರೈತ ಅದರ ಒಂದು ಚಕ್ರ ಹಳಿಗಳ ನಡುವೆ ಬಂದು ಮಣ್ಣಿನ ದಿಬ್ಬಕ್ಕೆ ಒರಗುವ ಹಾಗೆ ನಿಲ್ಲಿಸಿ, ಎತ್ತುಗಳ ಕೊರಳು ಬಿಚ್ಚಿ ತೊಟ್ಟಿಯ ಹತ್ತಿರ ನೀರಿಗೆ ಹೊಡೆದುಕೊಂಡು ಹೋಗಿದ್ದ.

ಗಾಡಿ ಮೊದಲು ಕಂಡದ್ದು ನನಗೆ. ನಾನು ಏನು ಯೋಚನೆ ಮಾಡಿದೆ ಅಂತ ಇವತ್ತಿಗೂ ಚೆನ್ನಾಗಿ ನೆನಪಿದೆ. ಇಷ್ಟು ನಿಧಾನಕ್ಕೆ ಬರುತ್ತಿದೆ, ನಾನು ನಡೆದರೆ ಅದಕ್ಕಿಂತ ಮುಂದೆ ಹೋಗುತ್ತೇನೆ, ಇದನ್ನು ನಿಲ್ಲಿಸುವುದೇನು ಮಹಾ! ಓಡಿ ಹೋಗಿ ವ್ಯಾಗನ್ನಿನ ಮುಂದೆ ನಿಂತು, ಅಡ್ಡ ತೊಲೆಗೆ ಎರಡೂ ಕೈ ಊರಿ ತಳ್ಳಿದೆ. ಕಬ್ಬಿಣ ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು. ಅದು ನನ್ನನ್ನು ಗುದ್ದಲಿಲ್ಲ, ನೂಕಲಿಲ್ಲ. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಬರುತ್ತಿತ್ತು, ಅಷ್ಟೇ. ಕಾಲು ಒಂದು ಸ್ಲೀಪರಿನಿಂದ ಜಾರಿ ಇನ್ನೊಂದಕ್ಕೆ, ಅಲ್ಲಿಂದ ಇನ್ನೊಂದಕ್ಕೆ. ರಿವೆಟ್ಟಿನ ತಲೆಗಳು ಅಂಗೈಯನ್ನು ತುರಿಮಣೆಯ ಹಾಗೆ ಕೆರೆದವು. ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕುತ್ತಿದ್ದೇನೆ, ಅದರ ಬರವಿನಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣುತ್ತಿಲ್ಲ. ಆ ಗಾಬರಿಯನ್ನು ನಾನು ಆಮೇಲೆ ಯಾವತ್ತೂ ಪಟ್ಟಿಲ್ಲ. ಐದು ಸೆಕೆಂಡು ಆಗಿರಬಹುದು. ಮೇಸ್ತ್ರಿ ಅಂಗಿಯ ಕೊರಳಪಟ್ಟಿ ಹಿಡಿದು ನನ್ನನ್ನು ಪಕ್ಕಕ್ಕೆ ಎಸೆದ.

ಅಷ್ಟರಲ್ಲಿ ಅಪ್ಪ ಹಿಂದಕ್ಕೆ ಓಡಿದ್ದ. "ಹಿಂದಿಂದ ಹಿಡೀರೋ, ಜಗ್ರಿ!" ತಳ್ಳಿದ ಅದೇ ಆರು ಜನ ಈಗ ಹಿಂದಿನ ಕೊಂಡಿ, ಸಲಾಕೆ, ಸಿಕ್ಕಿದ್ದನ್ನು ಹಿಡಿದು ಹಿಂದಕ್ಕೆ ಒರಗಿದರು. ಹಿಮ್ಮಡಿಗಳು ಜಲ್ಲಿಯಲ್ಲಿ ಗೆರೆ ಎಳೆಯುತ್ತಾ ಹೋದವು. ಒಬ್ಬ ಮರದ ಗುಟ್ಟೆಯೊಂದನ್ನು ಚಕ್ರದ ಮುಂದೆ ಎಸೆದ, ಅದು ಸಿಡಿದು ಪಕ್ಕಕ್ಕೆ ಹಾರಿತು. ವ್ಯಾಗನ್ನು ನಿಧಾನವಾಗತೊಡಗಿತು. ಆಗುತ್ತಿತ್ತು, ನಿಜವಾಗಿಯೂ ಆಗುತ್ತಿತ್ತು. ಕೊನೆಗೆ ಮಗು ಅಂಬೆಗಾಲಿಡುವ ವೇಗಕ್ಕೆ ಬಂದಿತ್ತು. ಇನ್ನು ನಾಲ್ಕು ಮಾರು ದೂರ ಇದ್ದಿದ್ದರೆ ನಿಂತೇ ಬಿಡುತ್ತಿತ್ತು.

ಇರಲಿಲ್ಲ. ವ್ಯಾಗನ್ನಿನ ಬಫರು ಗಾಡಿಯ ಚಕ್ರವನ್ನು ಮುಟ್ಟಿತು, ದಿಬ್ಬಕ್ಕೆ ಒತ್ತಿತು. ದೊಡ್ಡ ಸದ್ದೇನೂ ಆಗಲಿಲ್ಲ. ಒಣ ಸೌದೆ ಮಂಡಿಗೆ ಕೊಟ್ಟು ಮುರಿದ ಹಾಗೆ ಎರಡು ಸಲ ಲಟ್, ಲಟ್ ಅಂತು. ಚಕ್ರದ ಎರಡು ಅರೆಗಳು ಮುರಿದು ಗಾಡಿ ಒಂದು ಪಕ್ಕಕ್ಕೆ ವಾಲಿಕೊಂಡಿತು. ವ್ಯಾಗನ್ ನಿಂತಿತು.

ಗಾಡಿಯವನು ಎತ್ತು ಹೊಡೆದುಕೊಂಡು ಬಂದು, ನೋಡಿ, ತಲೆ ಮೇಲೆ ಕೈ ಹೊತ್ತು ಹಳಿಯ ಮೇಲೆಯೇ ಕೂತುಬಿಟ್ಟ. ಅಪ್ಪ ಏನೂ ಮಾತಾಡದೆ ಊರೊಳಗೆ ಹೋಗಿ ಬಡಗಿಯನ್ನು ಕರೆತಂದ. ಸಂಬಳದ ದುಡ್ಡಿನಲ್ಲೇ ಹೊಸ ಅರೆ ಹಾಕಿಸಿಕೊಟ್ಟ. ಗಾಡಿಯವನು ಮಧ್ಯಾಹ್ನ ನಮ್ಮ ಮನೆಯಲ್ಲೇ ಮುದ್ದೆ ಉಂಡು ಹೋದ.

ಆ ರಾತ್ರಿ ಹೊಡೆತ ಬೀಳುತ್ತದೆ ಅಂತ ನಾನು ಮೂಲೆ ಹಿಡಿದು ಕೂತಿದ್ದೆ. ಕ್ವಾರ್ಟರ್ಸಿನ ಅಗ್ಗಿಷ್ಟಿಕೆಯಲ್ಲಿ ಎಂಜಿನ್ನಿನಿಂದ ಉದುರಿದ ಅರೆಬೆಂದ ಇದ್ದಲು ಉರಿಯುತ್ತಿತ್ತು. ಅಪ್ಪ ಹತ್ತಿರ ಕರೆದು, ನನ್ನ ಎರಡೂ ಕೈಗಳನ್ನು ತನ್ನ ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಕೊಬ್ಬರಿ ಎಣ್ಣೆ ಸವರಿದ. ಅವನ ಕೈ ನಡುಗುತ್ತಿತ್ತು. ಬಹಳ ಹೊತ್ತಿನ ಮೇಲೆ ನಾನೇ ಬಾಯಿ ಬಿಟ್ಟೆ.

"ಅಪ್ಪ, ಅಷ್ಟು ನಿಧಾನ ಬರ್ತಾ ಇತ್ತು. ಯಾಕೆ ನಿಲ್ಲಲಿಲ್ಲ?"

"ನಿಧಾನ ನೋಡಿ ಮೋಸ ಹೋಗಬ್ಯಾಡ ಮಗ. ನಿಂತ್ರೂ ಅದು ಅಷ್ಟೇ ಭಾರ, ನಡೆದ್ರೂ ಅಷ್ಟೇ ಭಾರ. ಆರು ಜನ ಸೇರ್ಕೊಂಡು ಅದಕ್ಕೆ ಒಂದಿಷ್ಟು ಕೊಟ್ವಿ. ಕೊಟ್ಟಿದ್ದನ್ನೆಲ್ಲ ವಾಪಸ್ ಈಸ್ಕೊಂಡ್ರೆ ತಾನೇ ಅದು ನಿಲ್ಲೋದು? ಕೊಡೋವಾಗ ಸಾವಕಾಶ ಕೊಟ್ವಿ. ಈಸ್ಕೊಳ್ಳೋಕೆ ಅಷ್ಟು ಹೊತ್ತು ಸಿಗ್ಲಿಲ್ಲ. ಉಳಿದಿದ್ದನ್ನ ಗಾಡಿ ಚಕ್ರ ಒಂದೇ ಏಟಿಗೆ ಈಸ್ಕೊಬೇಕಾಯ್ತು. ಮುರೀತು."

"ನಾನು ತಳ್ಳಿದ್ದು ದಂಡ ಆಯ್ತಾ?"

ಅಪ್ಪ ಎಣ್ಣೆ ಬಟ್ಟಲನ್ನು ಕೆಳಗಿಟ್ಟು ನನ್ನ ಮುಖ ನೋಡಿದ. "ಯಾಕೆ ದಂಡ? ನೀನೂ ಒಂಚೂರು ಈಸ್ಕೊಂಡೆ. ಅದು ಎಲ್ಲಿಗೂ ಹೋಗಲ್ಲ. ಆದ್ರೆ ಇನ್ನೊಂದ್ಸಲ ಅದರ ಮುಂದೆ ನಿಂತ್ರೆ ಕಾಲು ಮುರೀತೀನಿ."

ಆರು ವರ್ಷ ಆದ ಮೇಲೆ ಪಿಯುಸಿ ಕ್ಲಾಸಿನಲ್ಲಿ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಎಫ್ ಈಕ್ವಲ್ ಟು ಎಂಎ ಅಂತ ಬರೆದರು. ಬಲ ಅಂದರೆ ರಾಶಿ ಗುಣಿಸು ವೇಗೋತ್ಕರ್ಷ. ಎಲ್ಲರೂ ಬರೆದುಕೊಂಡರು. ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆ ತಿರುಗಿಸಿ ನಮ್ಮ ವ್ಯಾಗನ್ನಿನ ಲೆಕ್ಕಕ್ಕೆ ಕೂತೆ.

ಆರು ಜನ, ಒಬ್ಬೊಬ್ಬರು 30 ಕಿಲೋ ಭಾರ ಎತ್ತುವಷ್ಟು ಬಲ ಹಾಕಿದರು ಅನ್ನಿ. ಎಲ್ಲ ಸೇರಿ ಸುಮಾರು 1,800 ನ್ಯೂಟನ್. ಹೊರಡುವಾಗಿನ ತಡೆ 800. ಉಳಿದದ್ದು 1,000. ಅದನ್ನು 20,000 ಕಿಲೋಗೆ ಭಾಗಿಸಿದರೆ, ಪ್ರತಿ ಸೆಕೆಂಡೂ ವೇಗ ಸೆಕೆಂಡಿಗೆ 5 ಸೆಂಟಿಮೀಟರಿನಷ್ಟು ಏರುತ್ತದೆ. ನೋಡಿ, ಎಷ್ಟು ಕಮ್ಮಿ! ಅದಕ್ಕೇ ಮೊದಲ ಕ್ಷಣದಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಆದರೆ 20 ಸೆಕೆಂಡು ಬಿಡದೆ ತಳ್ಳಿದರೆ ಸೆಕೆಂಡಿಗೆ 1 ಮೀಟರ್. ಕೊನೆಯಲ್ಲಿ ಗಾಡಿಯನ್ನು ಮುಟ್ಟಿದಾಗ ಸೆಕೆಂಡಿಗೆ 30 ಸೆಂಟಿಮೀಟರ್ ಉಳಿದಿತ್ತು, ಬಫರು ಚಕ್ರವನ್ನು ಮೂರು ಬೆರಳು ಒತ್ತಿ, ಅಂದರೆ ಸುಮಾರು 5 ಸೆಂಟಿಮೀಟರ್ ಒತ್ತಿ ನಿಂತಿತು ಅಂದುಕೊಳ್ಳಿ. ಆ ಚಕ್ರದ ಮೇಲೆ ಬಿದ್ದ ಬಲ 18,000 ನ್ಯೂಟನ್, ಹತ್ತಿರ ಹತ್ತಿರ ಎರಡು ಟನ್ ಭಾರ. ಆರು ಜನ 20 ಸೆಕೆಂಡು ತೆಗೆದುಕೊಂಡು ಸಾವಕಾಶ ಕೊಟ್ಟದ್ದರ ಮೂರರಲ್ಲೊಂದು ಪಾಲಿಗೂ ಕಮ್ಮಿಯಾದದ್ದನ್ನು ಒಂದು ಮರದ ಚಕ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಈಸಿಕೊಳ್ಳಬೇಕಾಗಿ ಬಂದಿತ್ತು. ಅಪ್ಪ ಹೇಳಿದ ಮಾತು ಅಂಕಿಯಲ್ಲಿ ನನ್ನ ಕಣ್ಣ ಮುಂದೆ ಕೂತಿತ್ತು.

ಆಮೇಲೆ ನನ್ನ ಐದು ಸೆಕೆಂಡಿನ ಲೆಕ್ಕ. ಹತ್ತು ವರ್ಷದ ಹುಡುಗನ ಬಲ, 120 ನ್ಯೂಟನ್ ಅನ್ನಿ. ವ್ಯಾಗನ್ ನಿಂತಿದ್ದಾಗ ನಾನು ಭುಜ ಕೊಟ್ಟು ನೂಕಿದೆನಲ್ಲ, ಆಗ ಅದು ಲೆಕ್ಕಕ್ಕೇ ಬರಲಿಲ್ಲ. ಗಟ್ಟಿ ಎಣ್ಣೆ 800ರ ತನಕ ಎದುರು ಕೊಡಬಲ್ಲದು. ನಾನು 120 ಕೊಟ್ಟರೆ ಅದೂ 120 ಕೊಟ್ಟು ಸೊನ್ನೆ ಮಾಡಿತು. ಆದರೆ ನಡೆಯುತ್ತಿದ್ದ ವ್ಯಾಗನ್ನಿನ ಎದುರು ನಿಂತು ತಳ್ಳಿದಾಗ ಇಳಿಜಾರು, ಎಣ್ಣೆ ಒಂದಕ್ಕೊಂದು ವಜಾ ಆಗಿಹೋಗಿದ್ದವು. ನನ್ನ 120 ಇಡಿಯಾಗಿ ಉಳಿಯಿತು. ಐದು ಸೆಕೆಂಡಿಗೆ ಅದು ವ್ಯಾಗನ್ನಿನ ವೇಗದಲ್ಲಿ ಸೆಕೆಂಡಿಗೆ 3 ಸೆಂಟಿಮೀಟರ್ ಕಮ್ಮಿ ಮಾಡಿತ್ತು. ಮೂರೇ ಸೆಂಟಿಮೀಟರ್, ನಿಜ. ಆದರೆ ಅಂಗೈ ಸುಲಿದುಕೊಂಡು ಕೊಟ್ಟದ್ದು ವ್ಯರ್ಥವಾಗಿರಲಿಲ್ಲ. ಆ ಹಾಳೆಯ ಮೇಲೆ ಅವತ್ತು ಕ್ಲಾಸಿನಲ್ಲೇ ನನ್ನ ಕಣ್ಣೀರು ಬಿತ್ತು. ಪಕ್ಕದವನು ಏನಾಯ್ತೋ ಅಂತ ಕೇಳಿದ, ಹೇಳಲಾಗಲಿಲ್ಲ.

ನ್ಯೂಟನ್ ತನ್ನ ನಿಯಮಗಳನ್ನು ಅಚ್ಚು ಮಾಡಿಸಿದ್ದು 1687ರಲ್ಲಿ. ಆದರೆ ಈಗ ನಾವು ಬರೆಯುವ ಸಮೀಕರಣ ಅವನ ಪುಸ್ತಕದಲ್ಲಿ ಈ ರೂಪದಲ್ಲಿ ಇಲ್ಲ. ಬಲವು ಚಲನೆಯಲ್ಲಿ ಎಷ್ಟು ಬದಲಾವಣೆ ತರುತ್ತದೆ ಎಂಬ ಮಾತಿನಲ್ಲಿ ಅವನು ಹೇಳಿದ. ಚಲನೆ ಅಂದರೆ ಅವನಿಗೆ ರಾಶಿಯನ್ನೂ ವೇಗವನ್ನೂ ಗುಣಿಸಿದ್ದು. ಅದನ್ನು ಈಗಿನ ರೂಪಕ್ಕೆ ಹತ್ತಿರ ತಂದವನು ಸ್ವಿಟ್ಜರ್ಲೆಂಡಿನ ಆಯ್ಲರ್, 1750ರಲ್ಲಿ. ನನಗೆ ನ್ಯೂಟನ್ ಹೇಳಿದ ಬಗೆಯೇ ಹೆಚ್ಚು ಹಿಡಿಸುತ್ತದೆ. ಅಪ್ಪ ಹೇಳಿದ ‘ಕೊಡೋದು, ಈಸ್ಕೊಳ್ಳೋದು’ ಅದಕ್ಕೆ ಹತ್ತಿರ. ಇನ್ನೊಂದು ಮಾತು. ‘ವೇಗೋತ್ಕರ್ಷ’ ಎಂಬ ನಮ್ಮ ಪಠ್ಯದ ಶಬ್ದ ಕೇಳೋದಕ್ಕೆ ಚೆಂದ, ಆದರೆ ಮಕ್ಕಳನ್ನು ದಾರಿ ತಪ್ಪಿಸುತ್ತದೆ ಅಂತ ನನ್ನ ಅನುಭವ. ಉತ್ಕರ್ಷ ಅಂದರೆ ಏಳಿಗೆ, ಹೆಚ್ಚಳ. ವೇಗ ಇಳಿಯುವುದೂ ಅದೇ ಜಾತಿಯ ಬದಲಾವಣೆ. ವೇಗ ಅಷ್ಟೇ ಇದ್ದು ದಿಕ್ಕು ಮಾತ್ರ ತಿರುಗಿದರೂ ಅದೇ. ತಿರುವಿನಲ್ಲಿ ಬಸ್ಸು ತಿರುಗುವಾಗ ಮೈ ಪಕ್ಕಕ್ಕೆ ವಾಲುತ್ತದಲ್ಲ, ಅಲ್ಲೂ ಬಲ ಬೇಕು. ಅದಕ್ಕೇ ನಾನು ಪಾಠ ಮಾಡಿದ 35 ವರ್ಷವೂ ಮೊದಲ ದಿನ ಹಲಗೆಯ ಮೇಲೆ ಆ ಶಬ್ದ ಬರೆಯದೆ ‘ವೇಗದ ಬದಲಾವಣೆ’ ಅಂತ ಬರೆಯುತ್ತಿದ್ದೆ. ಶಬ್ದ ಆಮೇಲೆ ಬರಲಿ. ನಿನ್ನ ಮೇಷ್ಟ್ರು ತಪ್ಪು ಹಾಕಿದ್ದೂ ಇದಕ್ಕೇ ಕಂದ. ಬಲ ಓಡಿಸುವುದಿಲ್ಲ. ಓಟವನ್ನು ಬದಲಾಯಿಸುತ್ತದೆ.

ಈಗ ಆ ಹಳಿ ಬ್ರಾಡ್‌ಗೇಜ್ ಆಗಿದೆ. ಸೈಡಿಂಗನ್ನು ಕಿತ್ತು ಹಾಕಿದ್ದಾರೆ. ವ್ಯಾಗನ್ನುಗಳ ಅಚ್ಚಿಗೆ ಎಣ್ಣೆ ಉಂಡೆ ಹೋಗಿ ರೋಲರ್ ಬೇರಿಂಗ್ ಬಂದಿವೆ, ಹೊರಡುವಾಗಿನ ಆ ಮುಲುಗುವ ಸದ್ದು ಈಗ ಇಲ್ಲ.

ಇನ್ನೊಂದು ಮಾತು ಹೇಳುವುದಿದೆ. ಕೈಗೆ ಎಣ್ಣೆ ಸವರಿದ ಆ ರಾತ್ರಿ ನಾನು ಅಪ್ಪನ ಹತ್ತಿರ ಹುಣಸೆ ಬೀಜದ ಆಟವನ್ನು ಒಪ್ಪಿಕೊಂಡಿದ್ದೆ. ಸದ್ದು ಹೇಗೆ ಒತ್ತೊತ್ತಾಗುತ್ತಾ ಬಂತು ಅಂತ ಬಾಯಲ್ಲೇ ಮಾಡಿ ತೋರಿಸಿದ್ದೆ. ಅಪ್ಪ ಬೈಯಲಿಲ್ಲ. ಇನ್ನೊಂದ್ಸಲ ಮಾಡು ಅಂದ. ಮಾಡಿದೆ. ಇದ್ದಲನ್ನೇ ನೋಡುತ್ತಾ ಕೇಳಿಸಿಕೊಂಡ.

ಹದಿನೈದು ದಿನಕ್ಕೆ ಮತ್ತೆ ಒಂದು ವ್ಯಾಗನ್ ಬಂತು. ನಾನು ದೂರ, ಶೆಡ್ಡಿನ ಜಗಲಿಯ ಮೇಲೆ ನಿಂತಿದ್ದೆ. ಹಮಾಲರು ಹೆಗಲು ಕೊಡಲು ಬಂದರು. ಅಪ್ಪ ಅವರನ್ನು ತಡೆದು ನನ್ನ ಕಡೆ ತಿರುಗಿ ಕೇಳಿದ, "ಬೀಜ ಐತೇನೋ?" ಜೇಬಿನಲ್ಲಿ ಎರಡು ಇದ್ದವು. ನನ್ನನ್ನು ಹಳಿಯ ಹತ್ತಿರಕ್ಕೆ ಬಿಡಲಿಲ್ಲ, ತಾನೇ ಬಂದು ಈಸಿಕೊಂಡು ಹೋದ. ಚಕ್ರದ ಮುಂದೆ ಬಗ್ಗಿ, ಗೇಣು ಅಳೆದು ಒಂದು ಬೀಜ ಇಟ್ಟ. ಇನ್ನೊಂದು ಗೇಣು ಅಳೆದು ಎರಡನೆಯದನ್ನು ಇಟ್ಟ. ಮೇಸ್ತ್ರಿ ಹಾರೆ ಕೊಟ್ಟ, ಹಮಾಲರು ಸಣ್ಣದಾಗಿ ನೂಕಿದರು. ಮೊದಲ ಬೀಜ ಟಪ್ಪೆಂದಿತು. "ಬಿಡ್ರಿ" ಅಂದವನೇ ಅಪ್ಪ ಬ್ರೇಕಿನ ಸಲಾಕೆಯ ಮೇಲೆ ನಿಂತ. ಗುಟ್ಟೆ ಚಕ್ರವನ್ನು ಕಚ್ಚಿ ಕಿರ್ರೆಂದಿತು. ಆಮೇಲೆ ಬಗ್ಗಿ ನೋಡಿ, ಒಡೆಯದೆ ಉಳಿದ ಎರಡನೆಯ ಬೀಜವನ್ನು ಹಳಿಯ ಮೇಲಿಂದ ಎತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ.